ಆಸನದಿಂದ ನಾದಕ್ಕೆ: ಹಠಪ್ರದೀಪಿಕೆಯ ಮರುಓದು

ಹಠಯೋಗಪ್ರದೀಪಿಕೆಯನ್ನು ಓದಲು ಹೊರಟವರಲ್ಲಿ ಹೆಚ್ಚಿನವರು ಮೊದಲ ಅಧ್ಯಾಯದಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಆಸನಗಳಿವೆ, ಪರಿಚಿತ ಹೆಸರುಗಳಿವೆ, ಯೋಗದ ತರಗತಿಯಲ್ಲಿ ಮಾಡಿದ್ದನ್ನೇ ಶ್ಲೋಕದಲ್ಲಿ ಕಂಡ ಸಂತೋಷವಿದೆ. ಒಂದಷ್ಟು ಜನ ಎರಡನೆಯ ಅಧ್ಯಾಯದ ಪ್ರಾಣಾಯಾಮಕ್ಕೆ ದಾಟುತ್ತಾರೆ. ಮೂರನೆಯದರ ಮುದ್ರೆಗಳ ಹೊತ್ತಿಗೆ ಮುಜುಗರವೋ ಅಪನಂಬಿಕೆಯೋ ಶುರುವಾಗಿ ಪುಸ್ತಕ ಕಪಾಟು ಸೇರುತ್ತದೆ. ನಾಲ್ಕನೆಯದನ್ನು ಮುಟ್ಟುವವರು ವಿರಳ. ಆದರೆ ಈ ಗ್ರಂಥ ಹುಟ್ಟಿದ್ದೇ ಆ ನಾಲ್ಕನೆಯ ಅಧ್ಯಾಯಕ್ಕಾಗಿ ಎಂಬುದು ನನ್ನ ನಂಬಿಕೆ. ಅದನ್ನು ಬಿಟ್ಟು ಓದಿದರೆ ಹಠಪ್ರದೀಪಿಕೆ ವ್ಯಾಯಾಮದ ಕೈಪಿಡಿಯಾಗುತ್ತದೆ, ಅದೂ ತೀರಾ ಸಾಧಾರಣ ಕೈಪಿಡಿ. ಸೇರಿಸಿಕೊಂಡು ಓದಿದರೆ ಇದು ಮನಸ್ಸನ್ನು ಕುರಿತ ಗ್ರಂಥ, ಕಿವಿಗೊಟ್ಟು ಕೇಳುವುದನ್ನು ಕಲಿಸುವ ಗ್ರಂಥ ಎಂದು ಗೊತ್ತಾಗುತ್ತದೆ. ಹಾಗೆಂದು ಇದರಲ್ಲಿ ಕೊರತೆಗಳಿಲ್ಲವೆಂದಲ್ಲ. ಇವೆ, ದೊಡ್ಡವೇ ಇವೆ. ಪೂಜ್ಯ ಗ್ರಂಥವೆಂಬ ಕಾರಣಕ್ಕೆ ಅವನ್ನು ಹೇಳದೆ ಬಿಡುವುದು ಓದುಗನಿಗೂ ಗ್ರಂಥಕ್ಕೂ ಮಾಡುವ ಅನ್ಯಾಯ.

ಸ್ವಾತ್ಮಾರಾಮನೆಂಬ ಯೋಗಿ 15ನೇ ಶತಮಾನದಲ್ಲಿ ಇದನ್ನು ರಚಿಸಿದ. ಆದಿನಾಥನಾದ ಶಿವನಿಂದ ಮತ್ಸ್ಯೇಂದ್ರ, ಗೋರಕ್ಷರ ಮೂಲಕ ಇಳಿದುಬಂದ ವಿದ್ಯೆ ತನ್ನದು ಎಂದು ಹೇಳಿಕೊಳ್ಳುತ್ತಾನೆ. 19ನೇ ಶತಮಾನದಲ್ಲಿ ಬ್ರಹ್ಮಾನಂದ ಬರೆದ ‘ಜ್ಯೋತ್ಸ್ನಾ’ ವ್ಯಾಖ್ಯಾನದೊಂದಿಗೆ ಪ್ರಚಾರದಲ್ಲಿರುವ ಪಾಠದಲ್ಲಿ ನಾಲ್ಕು ಅಧ್ಯಾಯಗಳಿವೆ, ಒಟ್ಟು 389 ಶ್ಲೋಕಗಳು. ಲೋನಾವಳಾದ ಕೈವಲ್ಯಧಾಮ 1970ರಲ್ಲಿ ಹೊರತಂದ ಆವೃತ್ತಿಯಲ್ಲಿ ಐದನೆಯದೊಂದು ಅಧ್ಯಾಯವೂ ಉಂಟು. ತಪ್ಪು ಅಭ್ಯಾಸದಿಂದ ಬರುವ ಕಾಯಿಲೆಗಳಿಗೆ ಪರಿಹಾರ ಅದರ ವಿಷಯ. ಹಸ್ತಪ್ರತಿಗಳಲ್ಲಿ ಹತ್ತು ಅಧ್ಯಾಯಗಳ ಪಾಠವೂ ಸಿಕ್ಕಿದೆ. ಒಟ್ಟಿನಲ್ಲಿ, ಜನ ಬಳಸಿ ಬಳಸಿ ಬೆಳೆಸಿದ ಪುಸ್ತಕ ಇದು. ಒಬ್ಬರು ಬರೆದು ಬೀಗ ಹಾಕಿಟ್ಟದ್ದಲ್ಲ.

ಸ್ವಾತ್ಮಾರಾಮ ಇದನ್ನು ಪೂರ್ತಿಯಾಗಿ ‘ಬರೆದ’ ಎನ್ನುವುದೂ ಸರಿಯಲ್ಲ. ಶ್ಲೋಕಗಳಲ್ಲಿ ಬಹುಪಾಲು ಹಳೆಯ ಗ್ರಂಥಗಳಿಂದ ಎತ್ತಿಕೊಂಡವು. ಫ್ರೆಂಚ್ ವಿದ್ವಾಂಸ ಕ್ರಿಸ್ಟಿಯಾನ್ ಬುಯಿ 1994ರಲ್ಲಿ ಈ ಮೂಲಗಳನ್ನು ಗುರುತಿಸಿ ತೋರಿಸಿದರು. ಆಮೇಲೆ ಜೇಮ್ಸ್ ಮ್ಯಾಲಿನ್‌ಸನ್, ಜೇಸನ್ ಬರ್ಚ್ ಮೊದಲಾದವರು ಹಸ್ತಪ್ರತಿಗಳನ್ನು ಜಾಲಾಡಿ ಆ ಕೆಲಸವನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ದತ್ತಾತ್ರೇಯಯೋಗಶಾಸ್ತ್ರ, ವಿವೇಕಮಾರ್ತಂಡ, ಗೋರಕ್ಷಶತಕ, ಖೇಚರೀವಿದ್ಯಾ, ಅಮೃತಸಿದ್ಧಿ, ಅಮರೌಘ, ವಸಿಷ್ಠಸಂಹಿತೆ ಹೀಗೆ ಪಟ್ಟಿ ಉದ್ದವಾಗುತ್ತದೆ. ಇವುಗಳಲ್ಲಿ ಅಮೃತಸಿದ್ಧಿ ಬೌದ್ಧ ವಜ್ರಯಾನದ ಸಿದ್ಧರ ಪರಿಸರದಲ್ಲಿ ಹುಟ್ಟಿದ್ದೆಂದು ಈಗ ವಿದ್ವಾಂಸರು ತೋರಿಸಿದ್ದಾರೆ. ದತ್ತಾತ್ರೇಯಯೋಗಶಾಸ್ತ್ರ ವೈಷ್ಣವ ಛಾಯೆಯದು. ವಸಿಷ್ಠಸಂಹಿತೆ ವೈದಿಕ ಶಿಷ್ಟಾಚಾರಕ್ಕೆ ಹತ್ತಿರದ್ದು. ಇಷ್ಟು ಬೇರೆ ಬೇರೆ ನೆಲದ ಶ್ಲೋಕಗಳನ್ನು ಒಂದೆಡೆ ಕಲೆಹಾಕಿ ನಾಥಶೈವದ ಒಂದು ಪುಸ್ತಕ ಮಾಡಿದ್ದು ಸ್ವಾತ್ಮಾರಾಮ.

ಇದನ್ನು ಕೇಳಿದೊಡನೆ ಕೆಲವರಿಗೆ ನಿರಾಸೆಯಾಗುತ್ತದೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಶಾಸ್ತ್ರಪರಂಪರೆಯಲ್ಲಿ ಸಂಗ್ರಹಕಾರನದೂ ಒಂದು ದೊಡ್ಡ ಪದವಿ. ಯಾವುದನ್ನು ಆರಿಸಿದ, ಯಾವುದರ ಮುಂದೆ ಯಾವುದನ್ನು ಇಟ್ಟ, ಯಾವುದನ್ನು ಬಿಟ್ಟ ಎಂಬುದರಲ್ಲೇ ಅವನ ಪ್ರತಿಭೆ ಇರುತ್ತದೆ. ಪ್ರದೀಪಿಕೆಯ ಮೊದಲ ಮೂರು ಶ್ಲೋಕಗಳಲ್ಲೇ ಅವನ ಉದ್ದೇಶ ಸ್ಪಷ್ಟ: ಹಲವು ಮತಗಳ ಕತ್ತಲೆಯಲ್ಲಿ ದಾರಿ ತಪ್ಪಿದವರಿಗೆ, ರಾಜಯೋಗ ಯಾವುದೆಂದೇ ತಿಳಿಯದವರಿಗೆ, ಹಠವಿದ್ಯೆಯೆಂಬ ಏಣಿಯನ್ನು ಒದಗಿಸುವುದು. ಹಠ, ಲಯ, ಮಂತ್ರ, ರಾಜ ಎಂದು ಯೋಗಗಳನ್ನು ಹಿಂದಿನ ಗ್ರಂಥಗಳು ಬೇರೆ ಬೇರೆಯಾಗಿ ವಿಂಗಡಿಸಿ, ಇದು ಇಂಥವರಿಗೆ, ಅದು ಅಂಥವರಿಗೆ ಎಂದು ಹಂಚಿದ್ದವು. ಸ್ವಾತ್ಮಾರಾಮ ಆ ಹಂಚಿಕೆಯನ್ನು ಕೈಬಿಟ್ಟ. ಆಸನ, ಉಸಿರು ಹಿಡಿಯುವ ಕುಂಭಕ, ಮುದ್ರೆ, ಒಳಗಿನ ನಾದವನ್ನು ಆಲಿಸುವ ನಾದಾನುಸಂಧಾನ ಎಂಬ ನಾಲ್ಕನ್ನು ಒಂದರ ಮೇಲೊಂದು ಕಟ್ಟಿ, ತುದಿಯಲ್ಲಿ ರಾಜಯೋಗವನ್ನಿಟ್ಟ. ಹಠವೆಂದರೆ ಈ ನಾಲ್ಕೂ ಸೇರಿದ್ದು ಎಂಬ ಕಲ್ಪನೆ ನೆಲೆಯೂರಿದ್ದು ಇವನ ಈ ವಿನ್ಯಾಸದಿಂದ. ಆಮೇಲಿನ ಶತಮಾನಗಳಲ್ಲಿ ಹಠಯೋಗದ ಬಗ್ಗೆ ಬರೆದವರೆಲ್ಲ, ಒಪ್ಪಲಿ ಬಿಡಲಿ, ಇವನ ಅಂಗಳ ಹಾದೇ ಹೋಗಬೇಕಾಯಿತು.

ಮೊದಲ ಅಧ್ಯಾಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಆಸನಗಳದ್ದಲ್ಲ, ಯೋಗಿಯ ಗುಡಿಸಲಿನದು. ಧರ್ಮದಿಂದ ಆಳುವ ರಾಜನಿರುವ, ಭಿಕ್ಷೆ ಧಾರಾಳವಾಗಿ ಸಿಗುವ, ಕಾಟವಿಲ್ಲದ ಊರು ಬೇಕು. ಸುತ್ತಲೂ ಬಿಲ್ಲಿನ ಅಳತೆಯಷ್ಟು ದೂರದಲ್ಲಿ ಕಲ್ಲು, ಬೆಂಕಿ, ನೀರು ಇರಬಾರದು. ಬಾಗಿಲು ಸಣ್ಣದು, ಕಿಟಕಿ ಇಲ್ಲ, ತೂತು ಬಿಲಗಳಿಲ್ಲ. ಚಾವಣಿ ತೀರಾ ಎತ್ತರವೂ ಅಲ್ಲ, ತಗ್ಗೂ ಅಲ್ಲ. ನೆಲ ಗೋಡೆಗಳನ್ನು ಸಗಣಿಯಿಂದ ದಟ್ಟವಾಗಿ ಸಾರಿಸಿರಬೇಕು, ಹುಳಹುಪ್ಪಟೆ ಸುಳಿಯಬಾರದು. ಹೊರಗೆ ಮಂಟಪ, ಜಗಲಿ, ಬಾವಿ, ಸುತ್ತ ಗೋಡೆ. ಇಷ್ಟನ್ನು ಓದಿದಾಗ ಇದನ್ನು ಹೇಳುವವನು ಇಂಥ ಕೋಣೆಯಲ್ಲಿ ಕುಳಿತವನು, ಅಥವಾ ಕುಳಿತವರನ್ನು ಹತ್ತಿರದಿಂದ ನೋಡಿದವನು ಎಂದು ನಂಬಿಕೆ ಬರುತ್ತದೆ. ಎಷ್ಟೋ ಅಧ್ಯಾತ್ಮ ಗ್ರಂಥಗಳಲ್ಲಿ ಸಿಗದ ಗಾಳಿ ಬೆಳಕಿನ ವಿವರ ಇದು.

ಊಟದ ಪಟ್ಟಿಯೂ ಹಾಗೆಯೇ. ಗೋಧಿ, ಅಕ್ಕಿ, ಬಾರ್ಲಿ, ಹಾಲು, ತುಪ್ಪ, ಜೇನು, ಶುಂಠಿ, ಹೆಸರುಬೇಳೆ, ಕೆಲವು ಸೊಪ್ಪುಗಳು ಹಿತ. ಹುಳಿ, ಖಾರ, ಉಪ್ಪು ಹೆಚ್ಚಾದದ್ದು, ಎಳ್ಳೆಣ್ಣೆ, ಸಾಸಿವೆ, ಮೊಸರು, ಮಜ್ಜಿಗೆ, ಹುರುಳಿ, ಹಿಂಡಿ, ಇಂಗು, ಬೆಳ್ಳುಳ್ಳಿ ಅಪಥ್ಯ. ಆರಿದ್ದನ್ನು ಮತ್ತೆ ಬಿಸಿ ಮಾಡಿ ಉಣ್ಣಬಾರದು. ಹುರುಳಿ ಸಾರು, ಮಜ್ಜಿಗೆ, ಬೆಳ್ಳುಳ್ಳಿ ಚಟ್ನಿಯಿಂದ ದೇಹ ಕಟ್ಟಿಕೊಂಡ ನಮ್ಮ ನಾಡಿನ ದುಡಿಯುವ ಜನಕ್ಕೆ ಈ ಪಟ್ಟಿ ಹೊಂದುವುದಿಲ್ಲ. ಪಥ್ಯವೆಂಬುದು ಸಾಧನೆಯ ತೀವ್ರ ಅವಧಿಗೆ, ಗುಡಿಸಲೊಳಗೆ ಕೂತವನಿಗೆ ಹೇಳಿದ್ದು. ಅದನ್ನು ಎಲ್ಲರ ಮನೆಯ ಅಡುಗೆಗೆ ಶಾಶ್ವತ ಕಟ್ಟಳೆಯಾಗಿ ಹೇರುವ ಇಂದಿನ ‘ಸಾತ್ವಿಕ ಆಹಾರ’ದ ಪ್ರವಚನಗಳಿಗೆ ಈ ಗ್ರಂಥದ ಆಧಾರ ಇಲ್ಲ.

ಇನ್ನು ಆಸನಗಳು. ಒಟ್ಟು ಹದಿನೈದು. ಸ್ವಸ್ತಿಕ, ಗೋಮುಖ, ವೀರ, ಕೂರ್ಮ, ಕುಕ್ಕುಟ, ಉತ್ತಾನಕೂರ್ಮ, ಧನು, ಮತ್ಸ್ಯೇಂದ್ರ, ಪಶ್ಚಿಮತಾನ, ಮಯೂರ, ಶವ, ಸಿದ್ಧ, ಪದ್ಮ, ಸಿಂಹ, ಭದ್ರ. ಶಿವ 84 ಆಸನಗಳನ್ನು ಹೇಳಿದನಂತೆ, ಅವುಗಳಲ್ಲಿ ಕೊನೆಯ ನಾಲ್ಕು ಸಾರವಂತೆ, ಆ ನಾಲ್ಕರಲ್ಲೂ ಸಿದ್ಧಾಸನವೇ ಶ್ರೇಷ್ಠವಂತೆ. ಸಿದ್ಧಾಸನ ಸಿದ್ಧಿಸಿದ ಮೇಲೆ ಬೇರೆ ಆಸನಗಳಿಂದ ಆಗಬೇಕಾದದ್ದೇನು ಎಂದು ಗ್ರಂಥವೇ ಕೇಳುತ್ತದೆ. ಅಂದರೆ ಆಸನಗಳ ವೈವಿಧ್ಯ ಸ್ವಾತ್ಮಾರಾಮನ ಆಸಕ್ತಿಯಲ್ಲ. ಪತಂಜಲಿ ಆಸನಕ್ಕೆ ಮೂರು ಸೂತ್ರ ಕೊಟ್ಟರೆ ಇವನು ನಲವತ್ತರೊಳಗಿನ ಶ್ಲೋಕಗಳನ್ನು ಕೊಟ್ಟ. ಇಬ್ಬರಿಗೂ ಅದು ಮುಂದಿನದಕ್ಕೆ ಕೂರುವ ಸಿದ್ಧತೆ.

ನಿಂತು ಮಾಡುವ ಆಸನ ಒಂದೂ ಇಲ್ಲ. ಸೂರ್ಯನಮಸ್ಕಾರ ಇಲ್ಲ. ಸೂರ್ಯನಮಸ್ಕಾರದ ಮಾತು ಬರುವುದು ಬ್ರಹ್ಮಾನಂದನ ವ್ಯಾಖ್ಯಾನದಲ್ಲಿ, ಅದೂ ವರ್ಜ್ಯಗಳ ಸಾಲಿನಲ್ಲಿ. ಅಭ್ಯಾಸಿಯು ದೇಹಕ್ಕೆ ಕ್ಲೇಶ ಕೊಡಬಾರದೆಂದು ಮೂಲ ಹೇಳಿದರೆ, ಬಹಳ ಸೂರ್ಯನಮಸ್ಕಾರ ಹಾಕುವುದು, ಬಹಳ ಭಾರ ಎತ್ತುವುದು ಅಂಥ ಕ್ಲೇಶ ಎಂದು ಅವನು ಬಿಡಿಸಿ ಹೇಳುತ್ತಾನೆ. ಜೂನ್ 21ರ ಯೋಗದಿನದ ಸಾಮೂಹಿಕ ಪ್ರದರ್ಶನಗಳಿಗೆ ಹಠಪ್ರದೀಪಿಕೆಯನ್ನು ಪ್ರಮಾಣವಾಗಿ ತೋರಿಸುವವರು ಒಮ್ಮೆ ಇದನ್ನು ಓದಬೇಕು. ಸೂರ್ಯನಮಸ್ಕಾರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಹಿರಿಮೆಗೆ ಬೇರೆ ಕಡೆ ಆಧಾರ ಹುಡುಕಬೇಕು, ಅಷ್ಟೇ.

ಆ ಬೇರೆ ಕಡೆ ಎಂಬುದರಲ್ಲಿ ನಮ್ಮ ಮೈಸೂರೂ ಸೇರಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಶ್ರೀತತ್ತ್ವನಿಧಿ ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವವೂ ಅದರಲ್ಲಿವೆ. ಹಂಪಿಯ ದೇವಾಲಯದ ಕಂಬಗಳಲ್ಲಿ ಸ್ವಾತ್ಮಾರಾಮ ಹೆಸರಿಸದ ಕಠಿಣ ಭಂಗಿಗಳಲ್ಲಿರುವ ಯೋಗಿಗಳ ಕೆತ್ತನೆಗಳಿವೆ. ಅಂದರೆ ಗ್ರಂಥ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಜನ ಮಾಡುತ್ತಲೇ ಇದ್ದರು. ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿ, ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಬರೆದರು. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ ಅಲ್ಲಿಂದಲೇ ಹೊರಟವರು. ಇಂದು ಜಗತ್ತು ಯೋಗವೆಂದು ಕರೆಯುವುದರ ಬಹುಭಾಗ ಈ ಮೈಸೂರಿನ ಸೃಷ್ಟಿ. ಅದು ಸಂಕೋಚಪಡುವ ವಿಷಯವಲ್ಲ, ಹೆಮ್ಮೆಯ ವಿಷಯ. ಹಳೆಯ ಗ್ರಂಥದ ಬಾಯಿಗೆ ಅದನ್ನು ತುರುಕಿ ಪ್ರಾಚೀನತೆಯ ಮುದ್ರೆ ಒತ್ತಿಸಿಕೊಳ್ಳುವ ಅಗತ್ಯ ಅದಕ್ಕಿಲ್ಲ.

ಸ್ವಾತ್ಮಾರಾಮ ಏನನ್ನು ಬಿಟ್ಟ ಎಂಬುದಕ್ಕೆ ಬರೋಣ. ಮೊದಲ ಅಧ್ಯಾಯದ ಕೊನೆಗೆ ಬಹಳ ಉದಾರವಾದ ಶ್ಲೋಕಗಳಿವೆ. ಯುವಕ, ಮುದುಕ, ಹಣ್ಣು ಮುದುಕ, ರೋಗಿ, ದುರ್ಬಲ, ಯಾರೇ ಆಗಲಿ ಸೋಮಾರಿತನ ಬಿಟ್ಟು ಅಭ್ಯಾಸ ಮಾಡಿದರೆ ಸಿದ್ಧಿ ಪಡೆಯುತ್ತಾರೆ. ಶಾಸ್ತ್ರ ಓದಿದ್ದರಿಂದ ಆಗುವುದಿಲ್ಲ, ವೇಷ ಹಾಕಿದ್ದರಿಂದ ಆಗುವುದಿಲ್ಲ, ಮಾತಾಡಿದ್ದರಿಂದ ಆಗುವುದಿಲ್ಲ, ಮಾಡಿದ್ದರಿಂದ ಮಾತ್ರ ಆಗುತ್ತದೆ. ಈ ಮಾತುಗಳು ದತ್ತಾತ್ರೇಯಯೋಗಶಾಸ್ತ್ರದಿಂದ ಬಂದವು. ಆ ಮೂಲದಲ್ಲಿ ಇವುಗಳ ನಡುವೆ ಇನ್ನೊಂದು ಮಾತಿದೆ: ಬ್ರಾಹ್ಮಣನೋ ಶ್ರಮಣನೋ, ಬೌದ್ಧನೋ ಜೈನನೋ, ಕಾಪಾಲಿಕನೋ ಚಾರ್ವಾಕನೋ, ಶ್ರದ್ಧೆಯಿಂದ ಯೋಗಾಭ್ಯಾಸದಲ್ಲಿ ತೊಡಗಿದವನಿಗೆ ಸಿದ್ಧಿ ಉಂಟು ಎಂಬ ಮಾತು. ಚಾರ್ವಾಕನನ್ನೂ ಒಳಗೆ ಕರೆದ ಆ ಶ್ಲೋಕ ಪ್ರದೀಪಿಕೆಯಲ್ಲಿ ಇಲ್ಲ. ವಯಸ್ಸು ಆರೋಗ್ಯಗಳ ಗೋಡೆ ಕೆಡವುವ ಶ್ಲೋಕವನ್ನು ತೆಗೆದುಕೊಂಡವನು ಮತಗಳ ಗೋಡೆ ಕೆಡವುವುದನ್ನು ಯಾಕೆ ಬಿಟ್ಟ? ಹಲವು ಮತಗಳ ಕತ್ತಲೆಯನ್ನು ಕಳೆಯಲು ಹೊರಟವನಿಗೆ ಆ ಮತಗಳ ಹೆಸರು ಹಿಡಿದು ಕರೆಯುವುದು ಬೇಡವಾಗಿತ್ತೋ ಏನೋ. ಕಾರಣ ಯಾವುದೇ ಇರಲಿ, ಅವನ ಸಂಕಲನದ ಅತಿ ದೊಡ್ಡ ನಷ್ಟ ಇದು ಎಂದು ನನ್ನ ಎಣಿಕೆ. ಹಠಯೋಗಕ್ಕೆ ಆದಿಯಲ್ಲಿದ್ದ ಒಂದು ಅಪೂರ್ವ ಗುಣ, ದೇವರನ್ನು ನಂಬದವನಿಗೂ ಬಾಗಿಲು ತೆರೆದಿಟ್ಟ ಗುಣ, ಜನಪ್ರಿಯ ಗ್ರಂಥದಿಂದ ಹೀಗೆ ಮರೆಯಾಯಿತು.

ಎರಡನೆಯ ಅಧ್ಯಾಯ ಸಮತೋಲದ್ದು, ಎಚ್ಚರಿಕೆಯದ್ದು. ಉಸಿರು ಅಲುಗಿದರೆ ಮನಸ್ಸು ಅಲುಗುತ್ತದೆ, ಉಸಿರು ನಿಂತರೆ ಅದೂ ನಿಲ್ಲುತ್ತದೆ ಎಂಬ ತತ್ತ್ವದ ಮೇಲೆ ಎಂಟು ಕುಂಭಕಗಳನ್ನು ಹೇಳುತ್ತದೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಪ್ರಾಣವನ್ನು ಮೆಲ್ಲಮೆಲ್ಲಗೆ ಪಳಗಿಸಬೇಕು, ಅವಸರ ಮಾಡಿದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ. ತಪ್ಪು ಪ್ರಾಣಾಯಾಮದಿಂದ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಿವಿ ಕಣ್ಣುಗಳ ಬೇನೆ ಬರುತ್ತವೆ ಎಂದು ಹೆಸರಿಟ್ಟು ಹೇಳುತ್ತದೆ. ಷಟ್ಕರ್ಮಗಳೆಂಬ ದೇಹಶುದ್ಧಿಯ ಕ್ರಿಯೆಗಳ ವಿಷಯದಲ್ಲೂ ಅಷ್ಟೇ ವಿವೇಕ. ನಾಲ್ಕು ಬೆರಳಗಲ, ಹದಿನೈದು ಮೊಳ ಉದ್ದದ ಒದ್ದೆ ಬಟ್ಟೆ ನುಂಗಿ ಹೊರತೆಗೆಯುವ ಧೌತಿ ಮೊದಲಾದ ಆರೂ ಕ್ರಿಯೆಗಳು ಮೇದಸ್ಸು, ಕಫ ಹೆಚ್ಚಾದವರಿಗೆ ಮಾತ್ರ, ಉಳಿದವರು ಮಾಡಬೇಕಿಲ್ಲ. ಪ್ರಾಣಾಯಾಮವೊಂದೇ ಸಾಕು, ಬೇರೆ ಶುದ್ಧಿ ಬೇಡ ಎನ್ನುವ ಆಚಾರ್ಯರ ಅಭಿಪ್ರಾಯವನ್ನೂ ದಾಖಲಿಸುತ್ತಾನೆ. ಭಿನ್ನಮತವನ್ನು ಹೀಗೆ ತೆರೆದಿಟ್ಟ ಸ್ವಾತ್ಮಾರಾಮನನ್ನು ಇಲ್ಲಿ ಮೆಚ್ಚುತ್ತೇನೆ. ಆದರೆ ಇದೇ ಪ್ರಾಮಾಣಿಕತೆ ಮೂರನೆಯ ಅಧ್ಯಾಯದಲ್ಲಿ ಸಿಗುವುದಿಲ್ಲ.

ಮೂರನೆಯದರಲ್ಲಿ ಹತ್ತು ಮುದ್ರೆಗಳು. ಇಲ್ಲಿ ದೇಹದ ಬಗ್ಗೆ ಎರಡು ಬೇರೆ ಬೇರೆ ಕಲ್ಪನೆಗಳು ಅಕ್ಕಪಕ್ಕ ಕೂತಿವೆ. ಮೊದಲನೆಯದು ಬಿಂದುವಿನದು, ಅಂದರೆ ಅಮೃತರೂಪದ ವೀರ್ಯದ್ದು. ತಲೆಯೊಳಗಿನ ಚಂದ್ರನಿಂದ ಅಮೃತ ತೊಟ್ಟಿಕ್ಕುತ್ತದೆ, ಹೊಟ್ಟೆಯ ಸೂರ್ಯ ಅದನ್ನು ಸುಡುತ್ತಾನೆ, ಅದರಿಂದಲೇ ಮುಪ್ಪು, ಸಾವು. ಆದ್ದರಿಂದ ಅದನ್ನು ಮೇಲೆಯೇ ತಡೆದು ನಿಲ್ಲಿಸಬೇಕು. ತಲೆಕೆಳಗಾಗುವ ವಿಪರೀತಕರಣಿ, ಗಂಟಲನ್ನು ಬಿಗಿಯುವ ಜಾಲಂಧರ, ನಾಲಗೆಯನ್ನು ಹಿಂದಕ್ಕೆ ಮಡಿಚಿ ಮೇಲಿನ ರಂಧ್ರ ಮುಚ್ಚುವ ಖೇಚರಿ ಎಲ್ಲವೂ ಅದಕ್ಕಾಗಿ. ಎರಡನೆಯದು ಕುಂಡಲಿನಿಯದು. ಬುಡದಲ್ಲಿ ಸುರುಳಿ ಸುತ್ತಿ ಮಲಗಿದ ಶಕ್ತಿ ಎಚ್ಚರಗೊಂಡು ನಡುನಾಡಿಯಲ್ಲಿ ಮೇಲೇರಬೇಕು. ಅಲ್ಲಿ ಸಿಗುವ ಅಮೃತ ಇಡೀ ದೇಹವನ್ನು ತೋಯಿಸಬೇಕು. ಒಂದರಲ್ಲಿ ಅಮೃತವನ್ನು ಸೋರದಂತೆ ಕಾಯಬೇಕು, ಇನ್ನೊಂದರಲ್ಲಿ ಅದನ್ನು ಹರಿಯಬಿಡಬೇಕು. ಮೊದಲನೆಯದು ಅಮೃತಸಿದ್ಧಿಯ ಕಡೆಯಿಂದ, ಎರಡನೆಯದು ಶೈವ ಶಾಕ್ತ ಆಗಮಗಳ ಕಡೆಯಿಂದ ಬಂದದ್ದು. ಖೇಚರಿಯ ವರ್ಣನೆಯಲ್ಲಂತೂ ಎರಡೂ ಒಟ್ಟಿಗೆ ಬೆರೆತು, ರಂಧ್ರ ಮುಚ್ಚುವುದು ಬಿಂದು ಬೀಳದಿರಲೆಂದೋ ಅಮೃತ ಕುಡಿಯಲೆಂದೋ ತಿಳಿಯದಂತಾಗಿದೆ. ಸಂಗ್ರಹಕಾರನಾದವನು ಇಲ್ಲಿ ಒಂದು ಮಾತು ಆಡಬೇಕಿತ್ತು: ಮೂಲಗಳು ಹೀಗೆ ಬೇರೆಯಾಗಿವೆ, ನನ್ನ ಮತ ಇದು ಎಂದು. ಅವನು ಸುಮ್ಮನಿದ್ದ. ಆ ಮೌನದಿಂದಾಗಿ ಇವತ್ತಿಗೂ ಸಾಧಕರು ಈ ಎರಡನ್ನೂ ಒಂದೇ ಶರೀರಶಾಸ್ತ್ರವೆಂದು ಭಾವಿಸಿ ಗೊಂದಲಪಡುತ್ತಾರೆ.

ಖೇಚರಿಯ ವಿಧಾನವನ್ನು ಹತ್ತಿರದಿಂದ ನೋಡಿದರೆ ಮೈ ನಡುಗುತ್ತದೆ. ಎಲೆಕಳ್ಳಿಯ ಎಲೆಯಂಥ ಹರಿತವಾದ, ಚೊಕ್ಕಟವಾದ ಅಲಗಿನಿಂದ ನಾಲಗೆಯ ಕೆಳಗಿನ ಎಳೆಯನ್ನು ಕೂದಲೆಳೆಯಷ್ಟು ಕೊಯ್ಯಬೇಕು. ಸೈಂಧವ ಉಪ್ಪು, ಅಳಲೆಕಾಯಿ ಪುಡಿ ತಿಕ್ಕಬೇಕು. ಏಳು ದಿನ ಬಿಟ್ಟು ಮತ್ತೆ ಕೂದಲೆಳೆಯಷ್ಟು. ಹೀಗೆ ಆರು ತಿಂಗಳು. ಇದನ್ನು ಪುಸ್ತಕ ನೋಡಿ ಯಾರೂ ಮಾಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಆದರೂ ಕೂದಲೆಳೆ, ಏಳು ದಿನ, ಉಪ್ಪು ಎಂಬ ಈ ವಿವರದಲ್ಲಿ ಪ್ರಯೋಗ ಮಾಡಿ ಕಲಿತವರ ತಾಳ್ಮೆ ಕಾಣುತ್ತದೆ. ಇದಕ್ಕೆ ಎದುರಾಗಿ ಫಲಗಳನ್ನು ಹೇಳುವಾಗ ಗ್ರಂಥಕ್ಕೆ ಕಡಿವಾಣವೇ ಇಲ್ಲ. ಮಯೂರಾಸನದಿಂದ ಕಾಲಕೂಟ ವಿಷವೂ ಅರಗುತ್ತದೆ, ವಿಪರೀತಕರಣಿಯಿಂದ ಆರು ತಿಂಗಳಲ್ಲಿ ನೆರೆ ಸುಕ್ಕು ಮಾಯ, ಮಹಾಮುದ್ರೆಯಿಂದ ಕ್ಷಯ ಕುಷ್ಠಗಳು ಗುಣ. ಫಲಶ್ರುತಿ ನಮ್ಮ ಶಾಸ್ತ್ರಗಳ ರೂಢಿ ಎಂಬುದು ನಿಜ. ಆದರೆ ಕ್ಷಯಕ್ಕೆ ಔಷಧ ಬಿಟ್ಟು ಮುದ್ರೆ ನಂಬುವವರು ಇಂದೂ ಇರುವಾಗ, ಅರ್ಥ ಬರೆಯುವವರು ಈ ಶ್ಲೋಕಗಳ ಕೆಳಗೆ ಒಂದು ಎಚ್ಚರಿಕೆ ಹಾಕದಿರುವುದು ಬೇಜವಾಬ್ದಾರಿ.

ಸಂಭೋಗದಲ್ಲೂ ಬಿಂದುವನ್ನು ಬೀಳಗೊಡದ ವಜ್ರೋಲಿ ಮುದ್ರೆಯ ಭಾಗ ಇನ್ನೂ ಕಷ್ಟದ್ದು. ಅದಕ್ಕೆ ಎರಡು ವಸ್ತುಗಳು ಬೇಕು, ಅವು ದುರ್ಲಭ ಎಂದು ಹಾಲನ್ನೂ ಹೇಳಿದಂತೆ ಕೇಳುವ ಹೆಣ್ಣನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತದೆ ಗ್ರಂಥ. ಹೆಣ್ಣು ಸಾಧನೆಯ ಸಾಮಗ್ರಿಯಾದಳು. ಮುಂದೆ, ಅದೇ ಅಭ್ಯಾಸ ಮಾಡುವ ಹೆಣ್ಣನ್ನು ಯೋಗಿನಿ ಎಂದು ಕರೆದು ಅವಳಿಗೂ ಸಿದ್ಧಿ ಉಂಟೆನ್ನುತ್ತದೆ. ಹೆಣ್ಣಿಗೆ ಸಾಧಕಿಯ ಸ್ಥಾನ ಕೊಟ್ಟ ಆ ಒಂದೆರಡು ಶ್ಲೋಕ ಮುಖ್ಯವೇ, ಆದರೂ ಇಡೀ ಗ್ರಂಥ ಗಂಡಸು ಗಂಡಸಿಗೆ ಹೇಳಿದ ಗ್ರಂಥ ಎಂಬುದನ್ನು ಅದು ಬದಲಿಸುವುದಿಲ್ಲ. 20ನೇ ಶತಮಾನದ ಆರಂಭದ ಕೆಲವು ಅನುವಾದಕರು ಈ ಭಾಗವನ್ನೇ ಅಶ್ಲೀಲವೆಂದು ಕತ್ತರಿಸಿ ಹಾಕಿದರು. ಕತ್ತರಿಸಿದ್ದರಿಂದ ಗ್ರಂಥ ಶುದ್ಧವಾಗಲಿಲ್ಲ, ವಿಮರ್ಶೆಗೆ ಸಿಗದಂತಾಯಿತು.

ಈಗ ನಾಲ್ಕನೆಯ ಅಧ್ಯಾಯ. ರಾಜಯೋಗ, ಸಮಾಧಿ, ಉನ್ಮನಿ, ಅಮರತ್ವ, ಲಯ, ಶೂನ್ಯಾಶೂನ್ಯ, ಅಮನಸ್ಕ, ಅದ್ವೈತ, ನಿರಂಜನ, ಜೀವನ್ಮುಕ್ತಿ, ಸಹಜ, ತುರ್ಯ ಇವೆಲ್ಲ ಒಂದೇ ಸ್ಥಿತಿಯ ಹೆಸರುಗಳು ಎಂದು ಸ್ವಾತ್ಮಾರಾಮ ಆರಂಭದಲ್ಲೇ ಘೋಷಿಸುತ್ತಾನೆ. ಬೌದ್ಧರ, ವೇದಾಂತಿಗಳ, ಸಿದ್ಧರ ಶಬ್ದಗಳನ್ನು ಹೀಗೆ ಒಂದೇ ಹಾರದಲ್ಲಿ ಪೋಣಿಸಿದ ಧೈರ್ಯ ದೊಡ್ಡದು. ತಾತ್ತ್ವಿಕರು ಇದನ್ನು ಒಪ್ಪಲಾರರು, ಶೂನ್ಯವೂ ಅದ್ವೈತವೂ ಒಂದೇ ಎಂದರೆ ಎರಡೂ ಕಡೆಯವರು ಜಗಳಕ್ಕೆ ಬರುತ್ತಾರೆ. ಅನುಭವದ ಕಡೆಯಿಂದ ಮಾತಾಡುವವನಿಗೆ ಆ ಸ್ವಾತಂತ್ರ್ಯ ಉಂಟು. ಸಿದ್ಧಾಂತ ಕಟ್ಟುವುದು ಇವನ ಕೆಲಸವಲ್ಲ, ಮನಸ್ಸು ಅಡಗುವ ದಾರಿ ತೋರಿಸುವುದು ಇವನ ಕೆಲಸ.

ಆ ದಾರಿ ನಾದ. ಆದಿನಾಥ ಲಯಕ್ಕೆ ಒಂದೂಕಾಲು ಕೋಟಿ ಉಪಾಯಗಳನ್ನು ಹೇಳಿದ್ದರೂ ಅವುಗಳಲ್ಲಿ ನಾದಾನುಸಂಧಾನವೊಂದೇ ಮುಖ್ಯ ಎಂದು ತನಗೆ ತೋರುತ್ತದೆ ಎನ್ನುತ್ತಾನೆ. ತತ್ತ್ವ ತಿಳಿಯಲಾರದ ಸಾಮಾನ್ಯರಿಗೂ ಒಪ್ಪುವಂತೆ ಗೋರಕ್ಷ ಹೇಳಿದ ಉಪಾಸನೆ ಇದು. ಆಸನಗಳಿಗೆ ಎಷ್ಟು ಶ್ಲೋಕಗಳನ್ನು ಕೊಟ್ಟನೋ ಹೆಚ್ಚುಕಡಿಮೆ ಅಷ್ಟನ್ನೇ ನಾದಕ್ಕೂ ಕೊಟ್ಟಿದ್ದಾನೆ, ಆದರೆ ಇಲ್ಲಿಯ ಭಾಷೆಯ ಬಿಸಿಯೇ ಬೇರೆ. ಕೈಗಳಿಂದ ಕಿವಿ ಮುಚ್ಚಿ ಒಳಗಿನ ಸದ್ದನ್ನು ಆಲಿಸಬೇಕು. ಹೊರಗಿನ ಸದ್ದು ತಾನಾಗಿ ಹಿಂದೆ ಸರಿಯುತ್ತದೆ. ಒಂದು ಪಕ್ಷದೊಳಗೆ ಚಂಚಲತೆಯನ್ನು ಗೆದ್ದು ಸುಖಿಯಾಗಬಹುದು. ಮೊದಮೊದಲು ಕಡಲು, ಮೋಡ, ಭೇರಿ, ಝರ್ಝರಗಳ ಮೊರೆತ. ನಡುವಿನಲ್ಲಿ ಮದ್ದಳೆ, ಶಂಖ, ಗಂಟೆ, ಕೊಂಬು. ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ದನಿ. ದೊಡ್ಡ ಸದ್ದು ಕೇಳುತ್ತಿರುವಾಗಲೂ ಅದರೊಳಗಿನ ಸಣ್ಣ ಸದ್ದನ್ನು ಹುಡುಕಬೇಕು. ಸಣ್ಣದರಿಂದ ದೊಡ್ಡದಕ್ಕೆ, ದೊಡ್ಡದರಿಂದ ಸಣ್ಣದಕ್ಕೆ ಓಡಾಡಿದರೂ ಸರಿ, ಮನಸ್ಸು ಬೇರೆ ಕಡೆ ಹೋಗಬಾರದು. ಎಲ್ಲಿ ಮೊದಲು ಅದು ಹತ್ತಿಕೊಂಡಿತೋ ಅಲ್ಲಿಯೇ ನಿಂತು ಕರಗುತ್ತದೆ.

ನಮ್ಮಲ್ಲಿ ಸಂಗೀತ ಕಲಿತವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ತಂಬೂರಿಯ ಒಂದು ತಂತಿಯೊಳಗೆ ಇನ್ನೊಂದು ಸ್ವರ, ಅದರೊಳಗೆ ಮತ್ತೊಂದು ಕೇಳಿಸಿಕೊಳ್ಳುವ ಕಿವಿ ಬೆಳೆಯುವುದು ಹೀಗೆಯೇ. ಈ ಸಾಧನೆಗೆ ನಾಲಗೆ ಕೊಯ್ಯಬೇಕಿಲ್ಲ, ಬಟ್ಟೆ ನುಂಗಬೇಕಿಲ್ಲ, ಮೈ ಬಗ್ಗದವರೂ ಮಾಡಬಹುದು. ಮಂಡಿನೋವಿನ ಹಿರಿಯರಿಗೆ, ಹಾಸಿಗೆ ಹಿಡಿದವರಿಗೆ ಹಠಪ್ರದೀಪಿಕೆ ಏನನ್ನಾದರೂ ಕೊಡುವುದಾದರೆ ಇದನ್ನು. ಯೋಗ ಕಲಿಸುವ ಕಡೆ ಇದರ ಸುಳಿವೂ ಇಲ್ಲದಿರುವುದು ನನಗೆ ನಿಜವಾಗಿ ನೋವಿನ ವಿಷಯ. ರಾಜಯೋಗ ತಿಳಿಯದೆ ಬರೀ ಹಠ ಮಾಡುವವರ ಶ್ರಮ ಫಲವಿಲ್ಲದ್ದು ಎಂದು ಇದೇ ಅಧ್ಯಾಯ ನೇರವಾಗಿ ಹೇಳಿದ ಮೇಲೂ ನಾವು ಏಣಿಯ ಕೆಳಗಿನ ಮೆಟ್ಟಿಲನ್ನೇ ತಿಕ್ಕಿ ತೊಳೆಯುತ್ತಿದ್ದೇವೆ.

ಕನ್ನಡಿಗರು ಈ ಗ್ರಂಥವನ್ನು ಓದಲು ಇನ್ನೊಂದು ಕಾರಣವಿದೆ. ಮೊದಲ ಅಧ್ಯಾಯದ ಐದರಿಂದ ಒಂಬತ್ತನೆಯ ಶ್ಲೋಕದವರೆಗೆ ಮಹಾಸಿದ್ಧರ ಪಟ್ಟಿ ಇದೆ. ಮತ್ಸ್ಯೇಂದ್ರ, ಚೌರಂಗಿ, ಗೋರಕ್ಷ, ವಿರೂಪಾಕ್ಷ, ಚರ್ಪಟಿ ಮೊದಲಾದವರ ಜೊತೆ ಅಲ್ಲಮ, ಪ್ರಭುದೇವ ಎಂಬ ಹೆಸರುಗಳೂ ಅಲ್ಲಿವೆ. ಎರಡನ್ನೂ ಬೇರೆ ಬೇರೆ ವ್ಯಕ್ತಿಗಳೆಂದು ಎಣಿಸಿದವರೂ ಇದ್ದಾರೆ, ಆದರೆ ಇದು ವಚನಕಾರ ಅಲ್ಲಮಪ್ರಭುವೇ ಎಂದು ಕನ್ನಡ ಬಲ್ಲವನಿಗೆ ಹೇಳಬೇಕಿಲ್ಲ. ಈ ಸಿದ್ಧರೆಲ್ಲ ಹಠಯೋಗದ ಬಲದಿಂದ ಕಾಲನ ದಂಡವನ್ನು ಮುರಿದು ಬ್ರಹ್ಮಾಂಡದಲ್ಲಿ ಸಂಚರಿಸುತ್ತಿದ್ದಾರೆ ಎನ್ನುತ್ತಾನೆ ಸ್ವಾತ್ಮಾರಾಮ.

ಅದೇ 15ನೇ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಚಾಮರಸ ಅಲ್ಲಮನ ಕಥೆಯಾದ ಪ್ರಭುಲಿಂಗಲೀಲೆ ಬರೆದ. ಶೂನ್ಯಸಂಪಾದನೆಯ ಸಂಕಲನಗಳೂ ಆ ಶತಮಾನದಲ್ಲೇ ಶುರುವಾದವು. ಅವುಗಳಲ್ಲಿ ಅಲ್ಲಮನಿಗೂ ಗೋರಕ್ಷನಿಗೂ ಮುಖಾಮುಖಿಯಾಗುತ್ತದೆ. ಗೋರಕ್ಷ ತನ್ನ ದೇಹ ವಜ್ರದಂತಾಗಿದೆ ಎಂದು ಹೇಳಿ ಕತ್ತಿಯಿಂದ ಹೊಡೆಯಲು ಕೊಡುತ್ತಾನೆ. ಹೊಡೆದರೆ ಕತ್ತಿ ಖಣಿಲೆಂದು ಸದ್ದು ಮಾಡುತ್ತದೆ, ದೇಹಕ್ಕೆ ಏನೂ ಆಗುವುದಿಲ್ಲ. ಆ ಸದ್ದೇ ಅಲ್ಲಮನಿಗೆ ಕೊರತೆಯಾಗಿ ಕಾಣುತ್ತದೆ: ದೇಹವೆಂಬುದು ಇನ್ನೂ ಉಳಿದಿದೆ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಆಡಿದಂತೆ ಆಡಿ ಹೊರಬರುತ್ತದೆ. ಸ್ವಾತ್ಮಾರಾಮ ಒಂದೇ ಪಟ್ಟಿಯಲ್ಲಿ ಕೂರಿಸಿದ ಇಬ್ಬರನ್ನು ಕನ್ನಡ ಕವಿಗಳು ಎದುರುಬದುರು ನಿಲ್ಲಿಸಿದರು. ಸಾವನ್ನು ಗೆಲ್ಲುವ ಗಟ್ಟಿ ದೇಹ ಗುರಿಯೋ, ದೇಹವೇ ಬಯಲಾಗುವುದು ಗುರಿಯೋ ಎಂಬ ಪ್ರಶ್ನೆಯನ್ನು ಹಠಯೋಗಕ್ಕೆ ನಮ್ಮವರು ಹಾಕಿದ್ದು ಹೀಗೆ. ಇದಕ್ಕಿಂತ ಸಮರ್ಥವಾದ ವಿಮರ್ಶೆ ಆ ಕಾಲದ ಸಂಸ್ಕೃತ ಯೋಗಗ್ರಂಥಗಳಲ್ಲಿ ನಾನು ಕಂಡಿಲ್ಲ.

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾಲ್ಕನೆಯ ಅಧ್ಯಾಯವನ್ನು ಮತ್ತೆ ಓದಿದರೆ ಸ್ವಾತ್ಮಾರಾಮನ ತೊಳಲಾಟ ಕಣ್ಣಿಗೆ ಕಟ್ಟುತ್ತದೆ. ಸಮಾಧಿಸ್ಥನು ಆಕಾಶದಲ್ಲಿಟ್ಟ ಕೊಡದ ಹಾಗೆ ಒಳಗೂ ಹೊರಗೂ ಬರಿದು, ಕಡಲಲ್ಲಿ ಮುಳುಗಿಸಿದ ಕೊಡದ ಹಾಗೆ ಒಳಗೂ ಹೊರಗೂ ತುಂಬು ಎಂಬ ಅರ್ಥದ ಮಾತು ಅಲ್ಲಿದೆ. ಇದು ಅಲ್ಲಮನ ಬಯಲಿಗೆ ತೀರಾ ಹತ್ತಿರ. ಆದರೆ ಅಧ್ಯಾಯ ಮುಗಿಯುವ ಹೊತ್ತಿಗೆ, ಅಂಥ ಯೋಗಿಯನ್ನು ಯಾವ ಆಯುಧವೂ ಕೊಲ್ಲಲಾರದು, ಕಾಲ ತಿನ್ನಲಾರದು ಎಂಬ ಹಳೆಯ ವಜ್ರದೇಹದ ಹೆಮ್ಮೆ ಮತ್ತೆ ತಲೆಯೆತ್ತುತ್ತದೆ. ಎರಡೂ ಒಂದೇ ಅಧ್ಯಾಯದಲ್ಲಿ, ಕೆಲವೇ ಪುಟಗಳ ಅಂತರದಲ್ಲಿ. ಬಿಂದು, ಕುಂಡಲಿನಿಗಳ ವಿಷಯದಲ್ಲಿ ಅವನ ಮೌನವನ್ನು ನಾನು ಕೊರತೆ ಎಂದೆ. ಇಲ್ಲಿ ಹಾಗೆನ್ನಲು ಮನಸ್ಸು ಬಾರದು. ಸಾವಿನ ಭಯದಿಂದ ಶುರುವಾದ ಒಂದು ಸಾಧನೆ ಆ ಭಯವನ್ನೇ ಬಿಟ್ಟುಕೊಡುವ ಹಂತಕ್ಕೆ ಬಂದಾಗ ಆಗುವ ಹಿಂಜರಿಕೆ ಇದು, ಮತ್ತು ಅದು ಪ್ರಾಮಾಣಿಕವಾದದ್ದು.

ಇವನ್ನೆಲ್ಲ ಓದುಗ ತಾನೇ ನೋಡುವಂತಾಗಲು ಕನ್ನಡದಲ್ಲಿ ಈ ಗ್ರಂಥಕ್ಕೆ ತಕ್ಕ ಆವೃತ್ತಿ ಬೇಕು. ನಾಥಪಂಥದ ಜೋಗಿಮಠ ಮಂಗಳೂರಿನ ಕದ್ರಿಯಲ್ಲಿ ಇಂದಿಗೂ ಇದೆ, ಯೋಗ ಮಕರಂದ ಕನ್ನಡದ್ದು, ಅಲ್ಲಮ ನಮ್ಮವನು. ಇದನ್ನು ಸಂಪಾದಿಸಲು ನಮಗಿಂತ ಹಕ್ಕಿನವರು ಕಡಿಮೆ. ಪ್ರತಿ ಶ್ಲೋಕದ ಪಕ್ಕದಲ್ಲಿ ಅದು ಯಾವ ಹಳೆಯ ಗ್ರಂಥದಿಂದ ಬಂದದ್ದೆಂದು ಅಚ್ಚಾಗಬೇಕು. ದತ್ತಾತ್ರೇಯಯೋಗಶಾಸ್ತ್ರದಿಂದ ಬಿಟ್ಟುಹೋದ ಶ್ಲೋಕ ಅಡಿಟಿಪ್ಪಣಿಯಲ್ಲಾದರೂ ಮರಳಬೇಕು. ವಜ್ರೋಲಿಯ ಭಾಗ ಕತ್ತರಿಯಿಲ್ಲದೆ, ಖೇಚರಿಯ ಭಾಗ ವೈದ್ಯರ ಎಚ್ಚರಿಕೆಯೊಂದಿಗೆ ಬರಬೇಕು. ಸಿದ್ಧರ ಪಟ್ಟಿಯ ಶ್ಲೋಕದ ಕೆಳಗೆ ಗೋರಕ್ಷನ ಪ್ರಸಂಗದ ವಿವರ ಇರಬೇಕು. ನಾಲ್ಕನೆಯ ಅಧ್ಯಾಯಕ್ಕೆ ವ್ಯಾಖ್ಯಾನ ಬರೆಯುವವರು ಸಂಸ್ಕೃತದ ಜೊತೆಗೆ ಶ್ರುತಿ ಬಲ್ಲವರೂ ಆಗಿದ್ದರೆ ಇನ್ನೂ ಒಳ್ಳೆಯದು.